ಹಂಪಿ ಸೀಮೆಯಲ್ಲಿ ಒಳ್ಳೆಯ ಊಟ ಹುಡುಕುವ ಬಗೆ



ಕೊಳೆರೋಗಕ್ಕೆ ಮದ್ದು ಹೊಡೆದು ಮುಗಿದು, ಕೊಯ್ಲು ಇನ್ನೂ ಆರಂಭವಾಗದ ಆ ಕೆಲವು ದಿನಗಳಲ್ಲಿ ನಮ್ಮವರು ಕುಟುಂಬ ಸಮೇತ ಪ್ರವಾಸ ಹೊರಡುವುದು ವಾಡಿಕೆ. ಹಂಪಿಗೆ ಹೋಗಿ ಬಂದವರು ಸಂಘದ ಕಚೇರಿಗೆ ಬಂದರೆ ಕಲ್ಲಿನ ರಥದ ವರ್ಣನೆ ಎರಡು ಮಾತಿನಲ್ಲಿ ಮುಗಿಯುತ್ತದೆ. ಆ ಬಳಿಕ ಅರ್ಧ ಗಂಟೆ ಊಟದ ದೂರು. ‘ಅಲ್ಲಿ ತಿನ್ನುವಂಥದ್ದು ಏನೂ ಸಿಗಲಿಲ್ಲ’ ಎಂಬುದೇ ಎಲ್ಲರ ಮಾತು. ಈ ಮಾತು ಸರಿಯಲ್ಲವೆಂದು ನನಗೆ ಗೊತ್ತಾದದ್ದು ಪೆಟ್ಟು ತಿಂದ ಮೇಲೆ. ಆದುದರಿಂದ ಈ ಲೇಖನ.

ಕೆಲವು ವರ್ಷಗಳ ಹಿಂದೆ ನಾವು ಇಪ್ಪತ್ತೆಂಟು ಜನ ಒಂದು ಬಸ್ಸು ಮಾಡಿಕೊಂಡು ಹೋಗಿದ್ದೆವು. ಮೊದಲ ರಾತ್ರಿ ಹೆದ್ದಾರಿಯ ಪಕ್ಕದ ಒಂದು ದೊಡ್ಡ ಹೋಟೆಲಿನಲ್ಲಿ, ದೀಪಾಲಂಕಾರ ನೋಡಿ, ನಿಲ್ಲಿಸಿದೆವು. ಕೆಂಪು ಬಣ್ಣದ ಗೋಬಿ, ತಣ್ಣಗಾದ ಅನ್ನ, ಹಾಲಿನ ಪುಡಿಯ ವಾಸನೆಯ ಕಾಫಿ. ಬೆಳಗಾಗುವುದರೊಳಗೆ ನಾಲ್ವರಿಗೆ ಹೊಟ್ಟೆ ಕೆಟ್ಟಿತು. ಔಷಧದ ಅಂಗಡಿ ಹುಡುಕುತ್ತ ಹೊಸಪೇಟೆಯ ಪೇಟೆಯೊಳಗೆ ನಡೆದಾಗ, ಮೂಟೆ ಇಳಿಸುವ ಹಮಾಲಿಗಳು ಒಂದು ಸಣ್ಣ ಅಂಗಡಿಯ ಮುಂದೆ ಗುಂಪುಗೂಡಿದ್ದು ಕಂಡಿತು. ಅಲ್ಲಿ ನಿಂತು ತಿಂದ ಒಗ್ಗರಣೆ–ಮಿರ್ಚಿಯೇ ಆ ಪ್ರವಾಸದ ಮೊದಲ ಒಳ್ಳೆಯ ಆಹಾರ. ಅಂದಿನಿಂದ ನಾನು ಅನುಸರಿಸುವ ಸೂತ್ರ ಒಂದೇ: ಹೋಟೆಲಿನ ಹೆಸರನ್ನು ಕೇಳಬೇಡಿ, ಆ ನೆಲದಲ್ಲಿ ಏನು ಬೆಳೆಯುತ್ತದೆ, ಅದನ್ನು ಯಾರು, ಎಷ್ಟು ಹೊತ್ತಿಗೆ ಉಣ್ಣುತ್ತಾರೆ ಎಂಬುದನ್ನು ಕೇಳಿ.

ಮೊದಲು ನೆಲ, ಆಮೇಲೆ ತಟ್ಟೆ

ಈ ಸೀಮೆಯಲ್ಲಿ ಎರಡು ನೆಲಗಳಿವೆ. ಒಂದು ನೀರಾವರಿಯ ನೆಲ, ಇನ್ನೊಂದು ಮಳೆ ನಂಬಿದ ನೆಲ. ವಿಜಯನಗರದ ಅರಸರ ಕಾಲದಲ್ಲಿಯೇ ನದಿಗೆ ಅಡ್ಡಗಟ್ಟೆಗಳನ್ನು ಕಟ್ಟಿ ಕಾಲುವೆ ತೆಗೆದಿದ್ದರು. ಹಂಪಿಯ ಬಾಳೆ ತೋಟಗಳಿಗೆ ನೀರುಣಿಸುವ ತುರುತ್ತು ಕಾಲುವೆ ಆ ಕಾಲದ್ದೇ. ತರುವಾಯ 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ತಿಯಾಗಿ ಹೊಸ ಕಾಲುವೆಗಳಲ್ಲಿ ನೀರು ಹರಿಯಿತು. ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಕಾಲುವೆ ಮುಟ್ಟದ ಎರೆ ಭೂಮಿಯಲ್ಲಿ, ಸಂಡೂರಿನ ಗುಡ್ಡಗಳ ಆಚೀಚೆ, ಜೋಳ, ಶೇಂಗಾ, ಕಾಳುಗಳು ಉಳಿದವು.

ಅದೇ 1953ರ ಅಕ್ಟೋಬರ್ 1ರಂದು ಬಳ್ಳಾರಿ ಸೀಮೆ ಮದ್ರಾಸ್ ರಾಜ್ಯದಿಂದ ಮೈಸೂರಿಗೆ ಸೇರಿತು. ಅದಕ್ಕೂ ಮುಂಚೆ ಅನಂತಪುರ, ಕರ್ನೂಲುಗಳೊಂದಿಗೆ ಬೆರೆತು ಬಾಳಿದ ನಾಡು ಅದು. ಆದುದರಿಂದ ಅಲ್ಲಿನ ಅಡುಗೆಯಲ್ಲಿ ಜೋಳದ ರೊಟ್ಟಿಯ ಬಡಗಣ ರುಚಿಯೂ ಇದೆ, ತೆಲುಗು ನಾಡಿನ ಹುಳಿ–ಖಾರವೂ ಇದೆ. ಇಷ್ಟು ತಿಳಿದಿದ್ದರೆ ಯಾವ ಊರಲ್ಲಿ ಏನು ಕೇಳಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ.

ಹೊಸಪೇಟೆ: ಬೆಳಗಿನ ಊರು

2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ ಜಿಲ್ಲಾ ಕೇಂದ್ರ. ಇಲ್ಲಿ ಬೆಳಗಿನ ತಿಂಡಿಯೆಂದರೆ ಮಂಡಕ್ಕಿ ಒಗ್ಗರಣೆ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಈರುಳ್ಳಿ, ಹಸಿಮೆಣಸು, ಅರಿಸಿನದ ಒಗ್ಗರಣೆಗೆ ಹಾಕಿ, ಮೇಲೆ ಹುರಿಗಡಲೆ ಪುಡಿ ಉದುರಿಸುತ್ತಾರೆ. ಗಡಿಯಾಚೆಯ ತೆಲುಗರು ಇದನ್ನೇ ಉಗ್ಗಾನಿ ಎನ್ನುತ್ತಾರೆ. ಜೊತೆಗೆ ಮಿರ್ಚಿ, ಅಂದರೆ ಇಡೀ ಮೆಣಸಿನಕಾಯಿಯ ಬಜ್ಜಿ, ಇರಲೇಬೇಕು. ಮಂಡಕ್ಕಿ ಹೊತ್ತು ಕಳೆದರೆ ಒಣಗಿ ಬಿರುಸಾಗುತ್ತದೆ. ಆದ್ದರಿಂದ ಬಾಣಲೆ ಖಾಲಿಯಾಗುತ್ತ ಮತ್ತೆ ತುಂಬುತ್ತಿರುವ ಅಂಗಡಿಗೇ ಹೋಗಿ. ಹತ್ತು ಗಂಟೆಯ ನಂತರ ಹೋದವನು ದೂರುವ ಹಾಗಿಲ್ಲ.

ಒಂದು ವಿಷಯ ಗಮನಿಸಿ. ಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ಬಂದದ್ದು. ಶೇಂಗಾ ಕೂಡ ಆ ಖಂಡದ್ದೇ. ವಿಜಯನಗರದ ಅಡುಗೆಮನೆಗಳಲ್ಲಿ ಖಾರ ಕೊಡುತ್ತಿದ್ದುದು ನಮ್ಮ ಘಟ್ಟದ ಕರಿಮೆಣಸು. ನಮ್ಮ ತೋಟದ ಮರಕ್ಕೆ ಹಬ್ಬಿದ ಬಳ್ಳಿಗೆ ಆ ಅರಮನೆಯ ಪರಿಚಯ ಹಳೆಯದು.

ಮಧ್ಯಾಹ್ನಕ್ಕೆ ಖಾನಾವಳಿ ಹುಡುಕಿ. ರೊಟ್ಟಿ ತಟ್ಟುವ ಸದ್ದು ರಸ್ತೆಗೆ ಕೇಳುವಂತಿದ್ದರೆ ಒಳಗೆ ಹೋಗಬಹುದು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು. ಮನೆಗೆ ಒಯ್ಯುವುದಾದರೆ ಖಡಕ್ ರೊಟ್ಟಿ ಮತ್ತು ಚಟ್ನಿಪುಡಿ ಕೊಳ್ಳಿ. ನೀರು ತಾಗದಂತೆ ಇಟ್ಟರೆ ಬಹುಕಾಲ ಕೆಡುವುದಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ಮಾತ್ರ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ.

ಹಂಪಿ ಮತ್ತು ಕಮಲಾಪುರ

ಹೊಸಪೇಟೆಯಿಂದ ಹಂಪಿಗೆ ಸುಮಾರು 13 ಕಿಲೋಮೀಟರ್. ವಿರೂಪಾಕ್ಷ ದೇವಾಲಯದ ಸುತ್ತಲಿನ ಊರಿನಲ್ಲಿ ಮದ್ಯ–ಮಾಂಸ ಇಲ್ಲ. ಪರದೇಶದ ಯಾತ್ರಿಕರಿಗಾಗಿ ಬರೆದ ಉದ್ದನೆಯ ಪಟ್ಟಿಗಳು ಇಲ್ಲಿ ಹೆಚ್ಚು. ಒಂದೇ ಒಲೆಯ ಅಂಗಡಿಯಲ್ಲಿ ನೂರು ಬಗೆಯ ತಿನಿಸಿನ ಹೆಸರಿದ್ದರೆ ತೊಂಬತ್ತು ಬಗೆ ತಾಜಾ ಇರಲಾರದೆಂದು ತಿಳಿಯಬೇಕು.

ಹೆಸರು ನಂಬಿ ಹೋಗುವುದರ ಕಷ್ಟವೂ ಇಲ್ಲಿಯೇ ಹೆಚ್ಚು. 2011ರಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿದ್ದ ಅಂಗಡಿ–ಮನೆಗಳನ್ನು ತೆರವುಗೊಳಿಸಲಾಯಿತು. ನದೀತೀರದಲ್ಲಿ ಮಾವಿನ ಮರದ ಕೆಳಗೆ ಹೆಸರು ಮಾಡಿದ್ದ ‘ಮ್ಯಾಂಗೋ ಟ್ರೀ’ ಹೋಟೆಲು ಈಗ ಆ ಹಳೆಯ ಜಾಗದಲ್ಲಿಲ್ಲ. ಆಚೆ ದಡದ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ನಂತರ 2020ರಲ್ಲಿ ನೆಲಸಮವಾದವು. ಹಳೆಯ ಪುಸ್ತಕ ಹಿಡಿದು ಹೋದವನು ಖಾಲಿ ಬಯಲು ನೋಡಿ ಬರುತ್ತಾನೆ.

ಕುಟುಂಬದೊಂದಿಗೆ, ವೃದ್ಧರೊಂದಿಗೆ ಹೋದವರಿಗೆ ಕಮಲಾಪುರದಲ್ಲಿ ರಾಜ್ಯ ಪ್ರವಾಸೋದ್ಯಮ ನಿಗಮದ ಮಯೂರ ಭುವನೇಶ್ವರಿ ಇದೆ. ಆದರೆ ಹಂಪಿ ಸೀಮೆಯ ನಿಜವಾದ ವಿಶೇಷ ಬಾಳೆಹಣ್ಣು. ಸುಗಂಧಿ, ಏಲಕ್ಕಿ ಬಾಳೆಗಳನ್ನು ರಸ್ತೆ ಬದಿಯಲ್ಲಿ ಬೆಳೆಗಾರರೇ ಮಾರುತ್ತಾರೆ. ಒಂದು ಎಚ್ಚರಿಕೆ: ಭೌಗೋಳಿಕ ಗುರುತು ಪಡೆದ ‘ಕಮಲಾಪುರ ಕೆಂಪು ಬಾಳೆ’ ಕಲಬುರಗಿ ಜಿಲ್ಲೆಯ ಕಮಲಾಪುರದ್ದು, ಈ ಕಮಲಾಪುರದ್ದಲ್ಲ. ಬಾಬಾಬುಡನ್‌ಗಿರಿ ಅರೇಬಿಕಾ, ಶಿರಸಿ ಅಡಿಕೆ ಎಂದು ಗುರುತು ಪಡೆದ ನಮಗೆ ಈ ಹೆಸರಿನ ಬೆಲೆ ತಿಳಿದಿರಬೇಕು.

ಹಂಪಿಯಲ್ಲಿ ಬೆಳೆಗಾರರು ತಪ್ಪದೆ ನೋಡಬೇಕಾದ ಎರಡು ಜಾಗಗಳಿವೆ. ಒಂದು ಭೋಜನಶಾಲೆ: ನೀರಿನ ಕಾಲುವೆಯ ಎರಡೂ ಬದಿಗೆ ಸಾಲಾಗಿ ಕಲ್ಲಿನ ತಟ್ಟೆಗಳು, ಪಲ್ಯ–ಚಟ್ನಿಗೆ ಗುಳಿಗಳ ಸಮೇತ ಕೆತ್ತಿದವು. ಇನ್ನೊಂದು ಹಜಾರರಾಮ ದೇವಾಲಯದ ಬಳಿಯ ಪಾನ್ ಸುಪಾರಿ ಬಜಾರ್. 1443ರಲ್ಲಿ ಬಂದಿದ್ದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್ ವೀಳ್ಯದೆಲೆ–ಅಡಿಕೆಯ ಗುಣವನ್ನು ಬಹಳ ಹೊಗಳಿ ಬರೆದಿದ್ದಾನೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ದೊಮಿಂಗೊ ಪಾಯೆಸ್ ಪೇಟೆಯ ಅಕ್ಕಿ, ಗೋಧಿ, ಕಾಳುಗಳ ಸಮೃದ್ಧಿಯನ್ನು ಕಂಡು ಬೆರಗಾಗಿದ್ದಾನೆ.

ಕಂಪ್ಲಿ: ಅನ್ನದ ಊರು

ಹೊಸಪೇಟೆಯಿಂದ ಮೂವತ್ತು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ದೂರದ ಕಂಪ್ಲಿ, ಕುಮಾರರಾಮನ ನೆನಪಿನ ಊರು. ಇಲ್ಲಿ ಭತ್ತ, ಬಾಳೆ, ಕಬ್ಬು. ನದಿಯಾಚೆಯ ಗಂಗಾವತಿಯಂತೆ ಇಲ್ಲಿಯೂ ಸೋನಾ ಮಸೂರಿಯ ಮಾತೇ ಮಾತು. ಊಟ ಮಾಡಬೇಕಾದರೆ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಅಕ್ಕಿ ಗಿರಣಿಯ ಗುಮಾಸ್ತರು, ಲಾರಿಯವರು ಎಲ್ಲಿ ಹೋಗುತ್ತಾರೆಂದು ನೋಡಿ ಹಿಂದೆ ಹೋಗಿ. ಅಕ್ಕಿಯ ಗುಣ ಬಲ್ಲವರು ಕೆಟ್ಟ ಅನ್ನಕ್ಕೆ ದುಡ್ಡು ಕೊಡುವುದಿಲ್ಲ. ಆಲೆಮನೆ ಕಂಡರೆ ಬೆಲ್ಲ ಕೊಳ್ಳಿ. ಆದರೆ ಬೆಳ್ಳಗೆ ಹೊಳೆಯುವುದನ್ನು ಬಿಟ್ಟು ಕಂದು ಬಣ್ಣದ್ದನ್ನು ಆರಿಸಿ. ಬಣ್ಣ ತಿಳಿಯಾಗಲು ಹೈಡ್ರೋಸ್ ಎಂಬ ರಾಸಾಯನಿಕ ಹಾಕುವ ಅಭ್ಯಾಸವಿದೆ. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುವುದುಂಟು. ಮಳೆಗಾಲದಲ್ಲಿ ವಿಚಾರಿಸಿಯೇ ಹೊರಡಿ.

ಸಂಡೂರು: ಗುಡ್ಡದ ಊರು

ಘೋರ್ಪಡೆ ಅರಸರ ಈ ಪುಟ್ಟ ಸಂಸ್ಥಾನ 1949ರಲ್ಲಿ ಮದ್ರಾಸಿನಲ್ಲಿ ವಿಲೀನವಾಯಿತು. ಅದಿರಿನ ಲಾರಿಗಳ ಊರೆಂದು ಹೆಸರಾದರೂ, ಮಳೆಗಾಲದ ಕೊನೆಗೆ ಅಲ್ಲಿನ ಗುಡ್ಡಗಳು ನಮ್ಮ ಕಡೆಯವೇ ಎನ್ನಿಸುವಷ್ಟು ಹಸುರು. ಇಲ್ಲಿ ಹೋಟೆಲಿಗಿಂತ ಸಂತೆ ಲೇಸು. ಸಂತೆಯ ದಿನ ವಿಚಾರಿಸಿಕೊಂಡು ಹೋಗಿ ಜೋಳ, ಹಸಿ ಶೇಂಗಾ, ಹುರುಳಿ, ಅಲಸಂದೆ ಕೊಳ್ಳಬಹುದು. ಬಳ್ಳಾರಿ ಸೀಮೆಯ ಅಂಜೂರ ಸಿಕ್ಕರೆ ಬಿಡಬೇಡಿ. ಲಂಬಾಣಿ ಹೆಂಗಸರ ಕಸೂತಿಗೆ ಭೌಗೋಳಿಕ ಗುರುತು ಇದೆ. ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ನೋಡಬಹುದು.

ಕುಡಿಯುವ ವಿಷಯ

ಕೆಲವು ತರುಣ ಸದಸ್ಯರು, ಬೆಂಗಳೂರಿನಲ್ಲಿರುವಂತೆ ಬೀರನ್ನು ಅಲ್ಲಿಯೇ ತಯಾರಿಸಿ ಕೊಡುವ ಜಾಗ ಈ ಕಡೆ ಇದೆಯೇ ಎಂದು ಕೇಳುತ್ತಾರೆ. ಅದನ್ನು ಅರಸಿ ಹೋಗುವ ಸೀಮೆ ಇದಲ್ಲ. ಸಾರಾಯಿ 2007ರ ಜುಲೈ 1ರಿಂದ ರಾಜ್ಯದಲ್ಲಿ ನಿಷೇಧ. ಯಾರಾದರೂ ಹಿಂದಿನ ಓಣಿಯಲ್ಲಿ ನಾಡಿನದೆಂದು ಮಾರಿದರೆ ಮುಟ್ಟಬೇಡಿ; ಅದರಲ್ಲಿ ಮೆಥನಾಲ್ ಬೆರೆತಿದ್ದರೆ ಕಣ್ಣು ಹೋಗುತ್ತದೆ, ಪ್ರಾಣವೂ ಹೋಗುತ್ತದೆ. ಕಬ್ಬಿನ ಹಾಲು, ಮಜ್ಜಿಗೆ ಇವೆ.

ಕಾಫಿಯ ಮಾತು ನಮಗೆ ಸ್ವಲ್ಪ ನೋವಿನದು. ಅದು ಹೆಚ್ಚಾಗಿ ಚಹಾದ ಸೀಮೆ. ಕಾಫಿ ಕೇಳಿದರೆ ಹಲವೆಡೆ ಸಿಗುವುದು ಪೊಟ್ಟಣದ ಪುಡಿ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಶೇಕಡಾ 51ಕ್ಕೆ ಕಡಮೆಯಿಲ್ಲದಂತೆ ಕಾಫಿ ಇರಬೇಕೆಂದು ಕಾನೂನು. ಎಂದರೆ ಶೇಕಡಾ 49ರಷ್ಟು ಚಿಕೋರಿ ಇದ್ದರೂ ಅದು ನ್ಯಾಯವೇ. ಪೊಟ್ಟಣದ ಮೇಲೆ ಪ್ರಮಾಣ ಬರೆದಿರುತ್ತದೆ, ಓದಿ ನೋಡಿ. ‘ಡಿಕಾಕ್ಷನ್ ಇದೆಯೇ?’ ಎಂದು ಕೇಳುವ ಅಭ್ಯಾಸ ಇಟ್ಟುಕೊಳ್ಳಿ. ಕೇಳುವವರಿದ್ದರೆ ತಾನೇ ಇಡುವವರಿರುತ್ತಾರೆ.

ನಾಲ್ಕು ಪರೀಕ್ಷೆಗಳು

ಒಂದು, ದುಡಿದು ಉಣ್ಣುವ ಸ್ಥಳೀಯರು ಅಲ್ಲಿ ಇದ್ದಾರೆಯೇ ನೋಡಿ. ಎರಡು, ಪಟ್ಟಿ ಚಿಕ್ಕದಿರಲಿ, ಒಲೆ ಉರಿಯುತ್ತಿರಲಿ. ಮೂರು, ಬಣ್ಣ ಕಂಡರೆ ದೂರವಿರಿ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಮ್ಮ ಸರ್ಕಾರ 2024ರ ಮಾರ್ಚಿನಲ್ಲಿ ನಿಷೇಧಿಸಿದೆ. ನಾಲ್ಕು, ಹೋಟೆಲಿನಲ್ಲಿ ಆಹಾರ ಪರವಾನಗಿಯ 14 ಅಂಕಿಯ ಸಂಖ್ಯೆ ಕಾಣುವಂತಿದೆಯೇ ನೋಡಿ. ಸಂಖ್ಯೆ ಇದ್ದ ಮಾತ್ರಕ್ಕೆ ರುಚಿ ಬರುವುದಿಲ್ಲ, ಆದರೆ ದೂರು ಕೊಡಲು ದಾರಿಯಿರುತ್ತದೆ.

ಕೊನೆಗೆ ಒಂದು ಮಾತು

ಆ ಪ್ರವಾಸದ ಕೊನೆಯ ದಿನ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಸುತ್ತಿದ್ದ ಹಿರಿಯ ಹೆಂಗಸನ್ನು, ಜೋಳ ನಿಮ್ಮ ಹೊಲದ್ದೇ ಎಂದು ಕೇಳಿದೆ. ‘ಕಾಲುವಿ ಬಂತು, ಜ್ವಾಳ ಹೋತ್ರಿ. ಈಗ ಜ್ವಾಳ ನಾವೂ ಕೊಳ್ಳೋದೇ’ ಎಂದರು. ಬೆಳೆ ಏನೆಂದು ನನ್ನನ್ನು ಕೇಳಿದರು. ಅಡಿಕೆ, ಕಾಫಿ ಎಂದೆ. ‘ಅಕ್ಕಿ ಬೆಳಿಯಂಗಿಲ್ಲೇನು?’ ಎಂದರು. ಉತ್ತರ ಕೊಡಲು ನಾಚಿಕೆಯಾಯಿತು. ನಮ್ಮ ಗದ್ದೆಗೆ ಅಡಿಕೆ ಇಟ್ಟು ಎಷ್ಟೋ ವರ್ಷವಾಗಿದೆ. ಈಗ ನಮ್ಮ ಮನೆಯಲ್ಲಿ ಬೇಯುವುದು ಅವರ ಕಾಲುವೆಯ ಸೋನಾ ಮಸೂರಿ.

ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಸೇರಿ ಆ ಅಣೆಕಟ್ಟಿಗೆ ಹೋಗುತ್ತವೆ. ನಮ್ಮ ಮೇಲೆ ಸುರಿದ ಮಳೆ ಅಲ್ಲಿ ಭತ್ತವಾಗಿ ನಮ್ಮ ಮನೆಗೆ ಮರಳುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ನಾವು ಅದನ್ನು ಯಾರದೋ ಊರಿನ ಸುದ್ದಿಯೆಂದು ಓದಿದೆವು. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು. ಅಷ್ಟರಲ್ಲಿ ಹರಿದುಹೋದ ನೀರಿನಲ್ಲಿ ನಮ್ಮ ಅನ್ನದ ಪಾಲೂ ಇತ್ತು.

ಆದುದರಿಂದ ಸದಸ್ಯರಲ್ಲಿ ನನ್ನ ವಿನಂತಿ: ಆ ಸೀಮೆಗೆ ಹೋದಾಗ ಅವರು ಬೆಳೆದದ್ದನ್ನು ಅವರು ಮಾಡುವ ಬಗೆಯಲ್ಲಿಯೇ ಉಣ್ಣಿ, ಬೆಲೆಗೆ ಕೊಸರಾಡಬೇಡಿ. ಹೋಗುವಾಗ ಚೀಲದಲ್ಲಿ ಅರ್ಧ ಕಿಲೋ ನಮ್ಮ ಚಿಕೋರಿ ಇಲ್ಲದ ಪುಡಿ ಇರಲಿ. ಆ ಖಾನಾವಳಿಗೆ ನಾನು ಅಂಚೆಯಲ್ಲಿ ಕಳಿಸಿದ್ದೆ. ಮರುವರ್ಷ ಹೋದಾಗ ಊಟವಾದ ಮೇಲೆ ಕೇಳದೆಯೇ ಒಂದು ಲೋಟ ಕಾಫಿ ಬಂತು. ಬೆಲ್ಲ ಸ್ವಲ್ಪ ಹೆಚ್ಚಾಗಿತ್ತು. ಕಾಫಿ ಮಾತ್ರ ನಮ್ಮದೇ.

— ಕಾರ್ಯದರ್ಶಿ