ಕಾಂಡ್ಲಾ ವನದ ಕಿಮ್ಮತ್ತು

ಅಂಗಡಿಯ ಮಾಲಿಗೆ ಬೆಲೆಯುಂಟು, ಗೋದಾಮಿನ ಜಾಗಕ್ಕೆ ಬಾಡಿಗೆಯುಂಟು. ಆದರೆ ಕಡಲತೀರದ ಕೆಸರಿನಲ್ಲಿ ಬೇರೂರಿ ನಿಂತು ಅಲೆಗಳ ರಭಸವನ್ನು ತಡೆಯುವ ಕಾಂಡ್ಲಾ ಗಿಡದ ದುಡಿಮೆಗೆ ಯಾವ ಖಾತೆಯಲ್ಲಿಯೂ ಜಮೆಯಿಲ್ಲ. ಬಡ ರಾಷ್ಟ್ರಗಳಲ್ಲಿ ಇಂಥ ಕಾಡುಗಳು ಪಾಳುಭೂಮಿಯೆಂಬ ಹೆಸರು ಹೊತ್ತು ಸುಲಭವಾಗಿ ನಾಶವಾಗುವುದಕ್ಕೆ ಇದೂ ಒಂದು ಕಾರಣವೆಂದು ನಮ್ಮ ಅಭಿಪ್ರಾಯ.

1999ನೆಯ ಇಸವಿ ಅಕ್ಟೋಬರ್ 29ರಂದು ಒಡಿಶಾದ ತೀರಕ್ಕೆ ಅಪ್ಪಳಿಸಿದ ಚಂಡಮಾರುತದಲ್ಲಿ ಹತ್ತು ಸಾವಿರಕ್ಕೆ ಸಮೀಪದಷ್ಟು ಜನ ಅಸುನೀಗಿದರು. ತರುವಾಯ ಡೆಹರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯ ರುಚಿ ಬಡೋಲಾ ಮತ್ತು ಎಸ್. ಎ. ಹುಸೇನ್ ಎಂಬ ವಿದ್ವಾಂಸರು ಭಿತರಕನಿಕಾ ಪ್ರದೇಶದ ಮೂರು ಹಳ್ಳಿಗಳಲ್ಲಿ ಮನೆಗಳಿಗಾದ ನಷ್ಟವನ್ನು ವಿಚಾರಿಸಿ 2005ರಲ್ಲಿ ಅದರ ಲೆಕ್ಕವನ್ನು ಪ್ರಕಟಿಸಿದರು. ಕಾಂಡ್ಲಾ ವನದ ಮರೆಯಲ್ಲಿದ್ದ ಹಳ್ಳಿಯಲ್ಲಿ ಮನೆಯೊಂದಕ್ಕೆ ಆದ ನಷ್ಟ ಸರಾಸರಿ 33 ಡಾಲರು. ಕಾಡೂ ಇಲ್ಲದ, ಒಡ್ಡೂ ಇಲ್ಲದ ಹಳ್ಳಿಯಲ್ಲಿ 44. ಕಾಡಿಲ್ಲದೆ ಕಟ್ಟಿದ ಒಡ್ಡನ್ನೇ ನಂಬಿದ್ದ ಹಳ್ಳಿಯಲ್ಲಿಯೋ, 154! ಒಡ್ಡು ಒಡೆದು ಒಳನುಗ್ಗಿದ ಉಪ್ಪುನೀರಿಗೆ ಹೊರಹೋಗುವ ದಾರಿ ಇಲ್ಲದಾಯಿತು.

ಮೂರೇ ಹಳ್ಳಿಗಳ ಲೆಕ್ಕ ಸಾಲದೆನ್ನುವ ವಾಚಕರಿಗಾಗಿ ಇನ್ನೊಂದನ್ನು ಹೇಳಬೇಕು. ಸೌದಾಮಿನಿ ದಾಸ್ ಮತ್ತು ಜೆಫ್ರಿ ವಿನ್ಸೆಂಟ್ ಅವರು ಕೇಂದ್ರಪಾಡಾ ಜಿಲ್ಲೆಯ ನಾನೂರಕ್ಕೂ ಹೆಚ್ಚು ಹಳ್ಳಿಗಳನ್ನು ಪರಿಶೀಲಿಸಿ, ಕಡಲಿಗೂ ಊರಿಗೂ ನಡುವೆ ಕಾಂಡ್ಲಾ ವನವು ಅಗಲವಾಗಿದ್ದಷ್ಟೂ ಸಾವು ಕಡಿಮೆಯೆಂದು 2009ರಲ್ಲಿ ತೋರಿಸಿಕೊಟ್ಟರು. ಸರಕಾರದ ಮುನ್ನೆಚ್ಚರಿಕೆಯು ಕಾಡಿಗಿಂತ ಹೆಚ್ಚು ಜೀವಗಳನ್ನು ಉಳಿಸಿತೆಂಬುದನ್ನೂ ಅವರು ಮರೆಮಾಚಲಿಲ್ಲ. ಅಂಥ ಪ್ರಾಮಾಣಿಕತೆಯಿಂದಲೇ ಲೆಕ್ಕಕ್ಕೆ ಬೆಲೆ ಬರುವುದು.

ಇಷ್ಟಾದರೂ ಬೆಲೆ ಕಟ್ಟಿದೊಡನೆ ಕಾಡು ಉಳಿಯಿತೆಂದು ನೆಮ್ಮದಿ ತಾಳುವಂತಿಲ್ಲ. ಹೋಟೆಲಿನ ಗಲ್ಲಾದಲ್ಲಿ ಕುಳಿತವರು ಬಲ್ಲರು: ಹಲಗೆಯ ಮೇಲೆ ದರ ಬರೆದ ಮೇಲೆ ಹಣ ತಂದವನಿಗೆ ತಿಂಡಿ ಇಲ್ಲವೆನ್ನಲಾಗದು. ಅರಣ್ಯಭೂಮಿಯನ್ನು ಅನ್ಯಕಾರ್ಯಕ್ಕೆ ಪಡೆಯುವವರು ತೆರಬೇಕಾದ ಮೌಲ್ಯವನ್ನು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿಗಳವರೆಗೆ ಗೊತ್ತುಮಾಡಿತು. ಕಾಡನ್ನು ಬಿಟ್ಟಿಯಾಗಿ ಕಬಳಿಸುವುದಕ್ಕಿಂತ ಇದು ಮೇಲೆಂಬುದೇನೋ ನಿಜ. ಆದರೆ ದೊಡ್ಡ ಯೋಜನೆಗಳಿಗೆ ಈ ಮೊತ್ತವು ಖರ್ಚಿನ ಪಟ್ಟಿಯಲ್ಲಿ ಇನ್ನೊಂದು ಸಾಲು ಮಾತ್ರ.

ಮುಂಬಯಿಯ ಕನ್ನಡಿಗರಾದ ನಮಗೆ ಇದು ದೂರದ ಮಾತಲ್ಲ. ಕಾಂಡ್ಲಾ ವನಗಳ ನಾಶವು ಬದುಕುವ ಹಕ್ಕಿನ ಉಲ್ಲಂಘನೆಯೆಂದು ಮುಂಬಯಿ ಉಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿತು. ಸಾರ್ವಜನಿಕ ಹಿತಕ್ಕಾಗಿಯಾದರೆ ನ್ಯಾಯಾಲಯದ ಅನುಮತಿ ಪಡೆಯಬೇಕೆಂದಿತು. ಅಂಥ ಅನುಮತಿಯು ಬುಲೆಟ್ ರೈಲಿಗೆ 2022ರ ಡಿಸೆಂಬರಿನಲ್ಲಿ ದೊರೆಯಿತು. ಕಡಿಯಲು ಒಪ್ಪಿದ್ದು ಸುಮಾರು 22 ಸಾವಿರ ಗಿಡಗಳನ್ನು. ಮೊದಲು ಕೇಳಿದ್ದು 53 ಸಾವಿರಕ್ಕೂ ಮಿಕ್ಕಿ. ಬದಲಿಗೆ ನೆಡುವ ಸಸಿ ಬೆಳೆದು ಅಲೆಗೆ ಎದೆಯೊಡ್ಡಲು ವರ್ಷಗಳೇ ಬೇಕು. ಅಷ್ಟರವರೆಗೆ ಖಾಡಿಯ ದಂಡೆಯ ಮನೆಗಳಿಗಾಗುವ ನಷ್ಟವನ್ನು, ಆ ಮೂರು ಹಳ್ಳಿಗಳಲ್ಲಿ ಮಾಡಿದಂತೆ, ಹೊಸ್ತಿಲಿಗೆ ಹೋಗಿ ವಿಚಾರಿಸಿ ಬರೆದಿಡುವವರು ಇಲ್ಲಿಯೂ ಬೇಕಾಗಿದ್ದಾರೆ.