ಹಾಲುವಾಣದ ಊರಿನಲ್ಲಿ ನರಸಿಂಹನ ಕಂಬ

ಮಲೆನಾಡಿನ ತೋಟಗಳಲ್ಲಿ ಕಾಳುಮೆಣಸಿನ ಬಳ್ಳಿಗೆ ಆಸರೆಯಾಗಿ ನಿಲ್ಲುವ ಹಾಲುವಾಣ ನಮಗೆ ಹೊಸದಲ್ಲ. ಮೈಮೇಲೆಲ್ಲ ಮುಳ್ಳು, ಎಲೆ ಉದುರಿದ ಮೇಲೆ ಕೊಂಬೆಯ ತುದಿಯಲ್ಲಿ ಕೆಂಡದಂಥ ಹೂ. ದಕ್ಷಿಣ ಚೀನಾದ ಫುಜಿಯಾನ್ ಪ್ರಾಂತ್ಯದ ಕಡಲ ನಗರ ಚ್ವಾನ್‌ಜೌಗೆ ಈ ಹೂವೇ ಗುರುತು. ಚೀನೀ ಭಾಷೆಯಲ್ಲಿ ಇದರ ಹೆಸರು ತ್ಸಿತೊಂಗ್. 10ನೇ ಶತಮಾನದಲ್ಲಿ ಊರಿನ ಕೋಟೆಯನ್ನು ಹಿಗ್ಗಿಸಿದಾಗ ಸುತ್ತಲೂ ಈ ಮರಗಳನ್ನು ನೆಟ್ಟರು. ಮರದ ಹೆಸರೇ ಊರಿಗೆ ಅಂಟಿಕೊಂಡು, ಅರಬ್ಬರ ಬಾಯಲ್ಲಿ ಜೈತೂನ್ ಆಯಿತು. ಮಾರ್ಕೊ ಪೋಲೊ, ಇಬ್ನ್ ಬತೂತ ಇಬ್ಬರೂ ಬೆರಗಿನಿಂದ ಹೇಳಿದ ಜೈತೂನ್ ಬಂದರು ಇದೇ. ಸಾಂಗ್ ಮತ್ತು ಯುವಾನ್ ಅರಸರ ಕಾಲದ ಇಲ್ಲಿನ 22 ತಾಣಗಳನ್ನು ಯುನೆಸ್ಕೊ 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಪ್ರವಾಸಿಗೆ ಈ ಊರನ್ನು ಪರಿಚಯಿಸುವವರು ಸಾಮಾನ್ಯವಾಗಿ ಬಳಸುವ ಮಾತು, ‘ಸರ್ವಧರ್ಮಗಳು ಸಾಮರಸ್ಯದಿಂದ ಬಾಳಿದ ನಗರ’. ಆ ಮಾತು ಪೂರ್ತಿ ಸುಳ್ಳಲ್ಲ, ಆದರೆ ಊರು ಅದಕ್ಕಿಂತ ಆಳವಾದದ್ದನ್ನು ಹೇಳುತ್ತದೆ. ಹೊರಗಿನಿಂದ ಬಂದದ್ದರಲ್ಲಿ ಬಹುಪಾಲು ಇಲ್ಲಿ ಉಳಿದಿರುವುದು ಯಾರೋ ಜೋಪಾನವಾಗಿ ಎತ್ತಿಟ್ಟದ್ದರಿಂದಲ್ಲ. ಊರು ಅದನ್ನು ತನ್ನ ಬಳಕೆಗೆ ತೆಗೆದುಕೊಂಡದ್ದರಿಂದ.

ಇದಕ್ಕೆ ಮೊದಲ ಸಾಕ್ಷಿ ಕೈಯುವಾನ್ ಬೌದ್ಧ ಮಂದಿರ. 686ರಲ್ಲಿ ಸ್ಥಾಪನೆಯಾದ ಈ ಮಂದಿರದ ಅಂಗಳದಲ್ಲಿ 13ನೇ ಶತಮಾನದ ಎರಡು ಎಂಟುಮೂಲೆಯ ಕಲ್ಲಿನ ಗೋಪುರಗಳಿವೆ. ಪೂರ್ವದ್ದು ಸುಮಾರು 48 ಮೀಟರ್ ಎತ್ತರ. 1604ರ ಭಾರೀ ಭೂಕಂಪಕ್ಕೂ ಇವು ಬೀಳಲಿಲ್ಲ. ಬಂದವರ ಕಣ್ಣು ಮೊದಲು ಹೋಗುವುದು ಇವುಗಳ ಮೇಲೆಯೇ. ಆದರೆ ನಮ್ಮ ಕಡೆಯಿಂದ ಹೋದವರು ಮುಖ್ಯ ಮಂಟಪವನ್ನು ಬಳಸಿಕೊಂಡು ಅದರ ಹಿಂಬದಿಯ ಜಗಲಿಗೆ ಹೋಗಬೇಕು. ಅಲ್ಲಿ ಸಾಲಿನ ನಡುವೆ ಎರಡು ಕಂಬಗಳು ಬೇರೆಯಾಗಿ ಕಾಣುತ್ತವೆ. ಹದಿನಾರು ಮುಖಗಳ, ಹಸಿರುಛಾಯೆಯ ಬೂದು ಕಲ್ಲಿನ ಕಂಬಗಳವು. ನಡುನಡುವೆ ಚೌಕಟ್ಟುಗಳಲ್ಲಿ ಉಬ್ಬು ಶಿಲ್ಪ: ಹಿರಣ್ಯಕಶಿಪುವನ್ನು ತೊಡೆಯ ಮೇಲೆ ಕೆಡವಿಕೊಂಡ ನರಸಿಂಹ, ಆನೆಯನ್ನು ಮೊಸಳೆಯಿಂದ ಬಿಡಿಸಲು ಬಂದ ವಿಷ್ಣು, ಗೋಪಿಯರ ಸೀರೆಗಳನ್ನು ಕದ್ದು ಮರವೇರಿ ಕುಳಿತ ಕೃಷ್ಣ. ಮಂಟಪದ ಮುಂದಿನ ಕಟ್ಟೆಯ ಸುತ್ತ ಸಿಂಹಗಳೂ ಮನುಷ್ಯಮುಖದ ಸಿಂಹಗಳೂ ಇರುವ 70ಕ್ಕೂ ಹೆಚ್ಚು ಫಲಕಗಳಿವೆ. ಇವೆಲ್ಲ ಒಂದು ಕಾಲಕ್ಕೆ ಶಿವ, ವಿಷ್ಣುವಿನ ಗುಡಿಗೆ ಸೇರಿದ್ದವು. ಗುಡಿ ಹಾಳಾದ ಮೇಲೆ, ಮಿಂಗ್ ಅರಸರ ಕಾಲದ ಜೀರ್ಣೋದ್ಧಾರದಲ್ಲಿ ಬುದ್ಧನ ಮಂಟಪಕ್ಕೆ ಬಂದು ಕೂತವು. ಅಂದಿನಿಂದ ಇಂದಿನವರೆಗೂ ಆ ಎರಡು ಕಂಬಗಳು ಬುದ್ಧನ ಮಾಡಿನ ಭಾರ ಹೊತ್ತು ನಿಂತಿವೆ.

ಇದೊಂದೇ ಆಗಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ನಗರದ ಹೊರಗಿನ ಹಳ್ಳಿಯೊಂದರ ಪುಟ್ಟ ಗುಡಿಯಲ್ಲಿ ನಾಲ್ಕು ಕೈಗಳ ಹಿಂದೂ ದೇವಿಯ ಶಿಲ್ಪವಿದೆ. ಊರವರು ಅದಕ್ಕೆ ಊದುಬತ್ತಿ ಹಚ್ಚುವುದು ಕರುಣೆಯ ಬೋಧಿಸತ್ವ ಗ್ವಾನ್‌ಯಿನ್ ಎಂದು. ಹತ್ತಿರದ ಗುಡ್ಡದ ಮೇಲಿನ ತ್ಸಾವ್‌ಆನ್ ಗುಡಿಯದು ಇನ್ನೂ ದೊಡ್ಡ ಕಥೆ. ಪರ್ಷಿಯಾದ ಸಾಮ್ರಾಜ್ಯದಲ್ಲಿ ಹುಟ್ಟಿ, ಹುಟ್ಟಿದ ನೆಲದಲ್ಲೇ ಅಳಿದುಹೋದ ಧರ್ಮವೊಂದರ ಪ್ರವಾದಿ ಮಾನಿಯ ಕಲ್ಲಿನ ವಿಗ್ರಹ ಅಲ್ಲಿದೆ. 1339ರ ಈ ವಿಗ್ರಹ ಉಳಿದು ಬಂದದ್ದು ಜನ ಅವನನ್ನು ಬೆಳಕಿನ ಬುದ್ಧನೆಂದು ಪೂಜಿಸುತ್ತ ಬಂದದ್ದರಿಂದ. ಕಲ್ಲಿನ ಮಾತು ಮನುಷ್ಯರಿಗೂ ಸಲ್ಲುತ್ತದೆ. ಸಮೀಪದ ಚೆನ್‌ದಾಯ್‌ನಲ್ಲಿ ಡಿಂಗ್ ಮನೆತನದವರಿದ್ದಾರೆ. ಮುಸ್ಲಿಂ ವರ್ತಕರ ಸಂತತಿ ಅದು. ಅವರಲ್ಲಿ ಹೆಚ್ಚಿನವರು ಈಗ ನಮಾಜು ಮಾಡುವವರಲ್ಲ, ಬೇರೆ ಚೀನೀಯರಂತೆ ಹಿರಿಯರಿಗೆ ಎಡೆ ಇಡುತ್ತಾರೆ. ಆದರೆ ಆ ಎಡೆಯಲ್ಲಿ ಹಂದಿಮಾಂಸ ಇರಕೂಡದು. ಶತಮಾನಗಳ ಹಿಂದೆ ಕಡಲು ದಾಟಿ ಬಂದ ನಂಬಿಕೆಯ ಗುರುತು ಒಂದು ತಟ್ಟೆಯಲ್ಲಿ ಉಳಿದುಕೊಂಡಿದೆ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಇದನ್ನು ಬಳಕೆ ಎಂದು ಕರೆಯುವುದು ಹಿಂಸೆಗೆ ಸುಣ್ಣ ಬಳಿದಂತೆ ಅಲ್ಲವೇ? ಗುಡಿಯೊಂದು ತಾನಾಗಿ ಹಾಳಾಗುವುದಿಲ್ಲ. 1357ರಿಂದ 1366ರವರೆಗೆ ಇಲ್ಲಿ ವಿದೇಶಿ ಮೂಲದ ಸೈನಿಕರ ದಂಗೆ ನಡೆಯಿತು, ಅದು ಮುಗಿದದ್ದು ವಿದೇಶಿಯರ ಮಾರಣಹೋಮದಲ್ಲಿ. ಅರಬ್ಬೀ, ಸಿರಿಯಾಕ್ ಬರಹಗಳ ಗೋರಿಗಲ್ಲುಗಳು, ಗುಡಿಯ ಕಲ್ಲುಗಳು ಕೋಟೆಗೋಡೆಯ ಒಡಲು ಸೇರಿದವು. ಇದೆಲ್ಲ ನಿಜ, ಮರೆಮಾಚಬಾರದ ನಿಜ. ಸಾಮರಸ್ಯ ಎಂಬ ಒಂದೇ ಪದ ಈ ಊರಿಗೆ ಸಾಲದು ಎನ್ನುವುದೂ ಇದೇ ಕಾರಣಕ್ಕೆ. ಆದರೆ ಕಥೆ ಮಾರಣಹೋಮಕ್ಕೇ ನಿಲ್ಲಲಿಲ್ಲ. 20ನೇ ಶತಮಾನದಲ್ಲಿ ಕೋಟೆಯನ್ನು ಕೆಡವಿದಾಗ ಆ ಕಲ್ಲುಗಳು ಹೊರಬಂದವು. ವು ವೆನ್‌ಲಿಯಾಂಗ್ ಎಂಬ ಸ್ಥಳೀಯ ಶಾಲಾ ಶಿಕ್ಷಕರು ವರ್ಷಗಟ್ಟಲೆ ಅವನ್ನು ಹುಡುಕಿ ಕೂಡಿಸಿ, 1957ರಲ್ಲಿ ಅವುಗಳ ಬಗ್ಗೆ ಗ್ರಂಥ ಪ್ರಕಟಿಸಿದರು. 1959ರಲ್ಲಿ ಆರಂಭವಾದ ಕಡಲ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿ ಇಂದು ಕಾಣುವ ಕಲ್ಲುಗಳ ಸಾಲಿಗೆ ಅವರ ದುಡಿಮೆ ತಳಹದಿ. ಅವಮಾನಿಸಲೆಂದು ಗೋಡೆಗೆ ತುಂಬಿದರೋ, ಕಲ್ಲು ಬೇಕಿತ್ತೆಂದು ತುಂಬಿದರೋ, ಆ ಗೋಡೆಯೇ ಅವುಗಳನ್ನು ಕಾಪಾಡಿತು. ಕೊಂದ ಕೈ, ಕಟ್ಟಿದ ಕೈ ಎರಡರ ಗುರುತೂ ಒಂದೇ ಕಲ್ಲಿನ ಮೇಲಿದೆ. ಪ್ರವಾಸಿ ಎರಡನ್ನೂ ಓದಬೇಕು.

ಇನ್ನೊಂದು ಆಕ್ಷೇಪ ನಮ್ಮೊಳಗಿನಿಂದಲೇ ಬರುತ್ತದೆ. ನರಸಿಂಹನನ್ನು ಕಂಡ ಭಾರತೀಯನಿಗೆ ‘ಇದು ನಮ್ಮದು’ ಎಂದು ಹೆಮ್ಮೆಪಡುವ ಹಕ್ಕಿಲ್ಲವೇ? ಸಂತೋಷಪಡುವ ಹಕ್ಕು ಖಂಡಿತ ಇದೆ; ಲೆಕ್ಕ ಮಾತ್ರ ಸರಿಯಾಗಿರಬೇಕು. ಇಲ್ಲಿ ಸಿಕ್ಕ 1281ರ ತಮಿಳು ಶಾಸನವು ಸಂಬಂಧ ಪೆರುಮಾಳ್ ಎಂಬಾತ ಮಂಗೋಲ್ ಖಾನನ ಫರ್ಮಾನಿನಂತೆ, ಅವನ ಕ್ಷೇಮಕ್ಕಾಗಿ ಶಿವನನ್ನು ಪ್ರತಿಷ್ಠಾಪಿಸಿದ್ದನ್ನು ಹೇಳುತ್ತದೆ. ಕೊನೆಯಲ್ಲಿ ಚೀನೀ ಅಕ್ಷರಗಳೂ ಇವೆ. ನಮ್ಮ ಐಹೊಳೆಯಿಂದ ಹೆಸರು ಪಡೆದ ಅಯ್ಯಾವೊಳೆ ಐನೂರ್ವರ ವರ್ತಕ ಸಂಘ ಸುಮಾತ್ರಾದವರೆಗೂ ಹೋಗಿತ್ತೆಂಬುದಕ್ಕೆ 1088ರ ಶಾಸನವೊಂದು ಅಲ್ಲಿ ಸಿಕ್ಕಿದೆ. ಆದರೆ ಚ್ವಾನ್‌ಜೌನ ಶಾಸನದಲ್ಲಿ ಐನೂರ್ವರ ಹೆಸರಿಲ್ಲ. ಇಲ್ಲದ್ದನ್ನು ಸೇರಿಸಿ ಓದಬಾರದು. ತಮಿಳು ವರ್ತಕನ ಭಕ್ತಿ, ಮಂಗೋಲ್ ದೊರೆಯ ಅನುಮತಿ, ಚೀನೀ ನೆಲ ಮೂರೂ ಕೂಡಿದ್ದರಿಂದ ಆ ಶಿವ ಅಲ್ಲಿ ನೆಲೆಸಿದ. ಅವನನ್ನು ಒಬ್ಬರಿಗೇ ಬರೆದುಕೊಟ್ಟರೆ ಶಾಸನದ ಅರ್ಧ ಸಾಲು ಅಳಿಸಿದಂತಾಗುತ್ತದೆ.

ಅಷ್ಟು ದೂರ ಹೋಗುವವರು ಬೀಜಿಂಗ್, ಶಿಯಾನ್ ಬಿಟ್ಟು ಈ ಚೂರುಪಾರು ಕಲ್ಲುಗಳನ್ನು ಏಕೆ ನೋಡಬೇಕು ಎಂದು ಕೇಳುವವರೂ ಉಂಟು. ರಾಜಧಾನಿಗಳು ತೋರಿಸುವುದು ಅರಸರ ಚೀನಾವನ್ನು. ಕಡಲಿಗೆ ಮುಖಮಾಡಿದ ಚೀನಾ ಕಾಣಬೇಕಾದರೆ ಇಂಥ ಊರಿಗೇ ಬರಬೇಕು. 1974ರಲ್ಲಿ ಇಲ್ಲಿನ ಕೊಲ್ಲಿಯ ಕೆಸರಿನಿಂದ ಎತ್ತಿದ ಸಾಂಗ್ ಕಾಲದ ಹಡಗಿನ ಒಡಲನ್ನು ಅಡ್ಡಗೋಡೆಗಳಿಂದ 13 ಕೋಣೆಗಳಾಗಿ ಭಾಗಿಸಲಾಗಿತ್ತು. ಒಂದಕ್ಕೆ ನೀರು ನುಗ್ಗಿದರೂ ಹಡಗು ಮುಳುಗಬಾರದೆಂಬ ಜಾಣ್ಮೆ. ಅದರಲ್ಲಿ ಗಂಧದ ಮರವೂ ಕಾಳುಮೆಣಸೂ ಸಿಕ್ಕವು. 1053ರಿಂದ 1059ರ ನಡುವೆ ಕಟ್ಟಿದ ಲುವೊಯಾಂಗ್ ಸೇತುವೆಯದು ಇನ್ನೊಂದು ಬಗೆಯ ಜಾಣ್ಮೆ. ಉಬ್ಬರವಿಳಿತದ ಸೆಳೆತಕ್ಕೆ ಬುಡದ ಕಲ್ಲುಗಳು ಜಾರದಿರಲೆಂದು ಅವುಗಳ ಮೇಲೆ ಸಿಂಪಿಗಳನ್ನು ಸಾಕಿದರು. ಕಲ್ಲಿಗೆ ಕಚ್ಚಿ ಬೆಳೆಯುವ ಆ ಜೀವಿಗಳೇ ಗಾರೆಯಾಗಿ ಸಂದುಗಳನ್ನು ಬೆಸೆದವು. ಬೇರೆ ಬೇರೆ ಕಲ್ಲುಗಳನ್ನು ಬದುಕೇ ಹಿಡಿದಿಡಬೇಕು ಎನ್ನುವುದು ಈ ಊರಿಗೆ ಹೊಳೆದ ಹಳೆಯ ವಿದ್ಯೆ.

ಶಿಯಾಮೆನ್‌ನಿಂದ ವೇಗದ ರೈಲಿನಲ್ಲಿ ಸುಮಾರು ಅರ್ಧ ತಾಸಿನ ಹಾದಿ. ಹೋದವರು ಮೊದಲು ವಸ್ತುಸಂಗ್ರಹಾಲಯಕ್ಕೆ ಹೋಗಲಿ, ಗೋಡೆಯಿಂದ ಬಿಡಿಸಿ ತಂದ ಕಲ್ಲುಗಳನ್ನು ನಿಧಾನವಾಗಿ ನೋಡಲಿ. ಆಮೇಲೆ ಕೈಯುವಾನ್ ಮಂದಿರಕ್ಕೆ ಬಂದು, ಗೋಪುರಗಳನ್ನು ದಾಟಿ ಆ ಹಿಂಬದಿಯ ಜಗಲಿಯಲ್ಲಿ ನಿಲ್ಲಲಿ. ಸಂಗ್ರಹಾಲಯದ ಕಲ್ಲುಗಳಿಗೆ ಈಗ ಬಿಡುವು. ಈ ಎರಡು ಕಂಬಗಳಿಗೆ ಮಾತ್ರ ಕೆಲಸ ಇನ್ನೂ ಮುಗಿದಿಲ್ಲ.