ನೆಲದೊಳಗಿನ ಕಣಜ

ಯಡಿಯೂರು, ಸಿದ್ದಾಪುರ, ಭೈರಸಂದ್ರ, ಸಾರಕ್ಕಿ—ಈ ಹೆಸರುಗಳನ್ನು ನೀವು ಬೆಂಗಳೂರಿನ ದಕ್ಷಿಣ ಭಾಗದ ಬಡಾವಣೆಗಳೆಂದೇ ಬಲ್ಲಿರಿ. 1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬೀಳುವ ಮೊದಲು ಇವೆಲ್ಲ ಕೆರೆಯನ್ನೂ ಮಳೆಯನ್ನೂ ನಂಬಿದ್ದ ಹಳ್ಳಿಗಳು. ಈ ಸೀಮೆಯ ಮುಖ್ಯ ಬೆಳೆ ರಾಗಿ. ಸುಗ್ಗಿಯಾದ ಮೇಲೆ ಆ ರಾಗಿ ಎಲ್ಲಿ ಸೇರುತ್ತಿದ್ದಿತು? ಅನುಕೂಲವುಳ್ಳ ಒಕ್ಕಲು ಮನೆಗಳಲ್ಲಿ ಅದು ಸೇರುತ್ತಿದ್ದುದು ನೆಲದೊಳಕ್ಕೆ, ಹಗೇವಿಗೆ.

ಹಗೇವೆಂದರೆ ಬರಿಯ ಗುಂಡಿಯಲ್ಲ. ನೀರು ನಿಲ್ಲದ ಗಟ್ಟಿನೆಲವನ್ನು ಆರಿಸಿ, ಆಳು ಇಳಿಯುವಷ್ಟು ಕಿರಿದಾದ ಬಾಯಿ, ಒಳಗೆ ಗುಡಾಣದಂಥ ಹೊಟ್ಟೆ ಬರುವಂತೆ ಅಗೆಯುತ್ತಿದ್ದರು. ತಳಕ್ಕೂ ಪಕ್ಕಕ್ಕೂ ಹುಲ್ಲು ಹಾಸಿ, ಚೆನ್ನಾಗಿ ಒಣಗಿದ ರಾಗಿ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. 1800ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಕ್ರಮವನ್ನು ಬರೆದಿಟ್ಟಿದ್ದಾನೆ.

ಮುಚ್ಚಿದ ಹಗೇವಿನೊಳಗೆ ಕಾಳೂ ಉಸಿರಾಡುತ್ತದೆ, ಹುಳುವೂ ಉಸಿರಾಡುತ್ತದೆ. ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡು ತುಂಬಿದಾಗ ಹುಳು ಬದುಕದು. ರಾಗಿ ವರ್ಷಗಟ್ಟಲೆ ಕೆಡದು. ಆದರೆ ಕಾಳನ್ನು ಕಾಯುವ ಆ ಗಾಳಿಯೇ ಮನುಷ್ಯನಿಗೆ ಮೃತ್ಯು. ಚಪ್ಪಡಿ ತೆಗೆದೊಡನೆ ಇಳಿದವರು ಉಸಿರುಕಟ್ಟಿ ಸತ್ತದ್ದುಂಟು. ಆದಕಾರಣ ಬಾಯಿಯನ್ನು ಬಹಳ ಹೊತ್ತು ತೆರೆದಿಟ್ಟು, ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯಬಾರದು.

ಹಗೇವು ಬರಗಾಲದ ಇಡುಗಂಟು. ಆದರೂ ಅದರ ಶಕ್ತಿಗೆ ಮಿತಿಯಿದ್ದಿತು. ಒಂದು ವರ್ಷದ ಬರವನ್ನು ಅದು ತಡೆದೀತು. ಮಳೆ ಮೇಲಿಂದ ಮೇಲೆ ಕೈಕೊಟ್ಟರೆ ಅದೂ ಬರಿದೇ. ಹೊಲವಿಲ್ಲದ ಕೂಲಿಯವನಿಗಂತೂ ಹಗೇವೆಲ್ಲಿಯದು? ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ಮೀರಿದ್ದಿತು. 1876–78ರ ಮಹಾಕ್ಷಾಮ ಕಳೆದು, 1881ರ ಗಣತಿಯಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿದ್ದಿತು. ಊರೂರಿನ ಗುಂಡಿಗಳು ಸಾಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮುಂದೆ ಗೋಣಿಚೀಲ, ಉಗ್ರಾಣ, ಪಡಿತರದ ಅಂಗಡಿ ಬಂದವು. 1965ರಲ್ಲಿ ಭಾರತ ಆಹಾರ ನಿಗಮ ಸ್ಥಾಪನೆಯಾಗಿ, ದೇಶದ ಆಪತ್ತಿನ ಧಾನ್ಯವನ್ನು ಕಾಯುವ ಭಾರ ಅದರ ಮೇಲೆ ಬಿದ್ದಿತು. ಬೆಂಗಳೂರಿನ ಈ ಭಾಗದಲ್ಲಿ ಹೊಲವೇ ನಿವೇಶನವಾದ ಮೇಲೆ ಹಗೇವಿಗೆ ಕೆಲಸವೂ ಉಳಿಯಲಿಲ್ಲ. ಕೆರೆ ಬತ್ತಿದರೆ ಕಣ್ಣಿಗೆ ಕಾಣುತ್ತದೆ, ಗುಡಿ ಕೆಡವಿದರೆ ಜನ ಕೇಳುತ್ತಾರೆ. ಹಗೇವು ಹೋದದ್ದು ಮಾತ್ರ ಯಾರಿಗೂ ತಿಳಿಯಲಿಲ್ಲ. ನಾಲ್ಕು ಗಾಡಿ ಮಣ್ಣು ಸುರಿದರೆ ಸಾಕಾಗಿದ್ದಿತು.

ಈ ಹಳೆಯ ಊರುಗಳ ಹಿರಿಯರಾರಾದರೂ ನಿಮಗೆ ಪರಿಚಿತರಿದ್ದರೆ, ಅವರ ಮನೆಯ ಹಗೇವು ಎಲ್ಲಿದ್ದಿತೆಂದು ಒಮ್ಮೆ ಕೇಳಿರಿ. ಅವರು ತೋರಿಸಿದ ಜಾಗವನ್ನು ಗುರುತುಹಾಕಿಕೊಳ್ಳಿರಿ. ಅವರ ನಂತರ ಅದನ್ನು ತೋರಿಸುವವರಿಲ್ಲ.